ಕೆಂಪು ಬಟ್ಟೆ ಕಟ್ಟಿದ ಪ್ಲಗ್ಗು

ಮೊನ್ನೆ ಬೆಳ್ತಂಗಡಿಯ ಡಯಾಲಿಸಿಸ್ ಕೇಂದ್ರಕ್ಕೆ, ರೋಗಿಗಳ ದಾಖಲೆ ಇಟ್ಟಿದ್ದ ಹಳೆಯ ಸರ್ವರನ್ನು ತೆಗೆಯಲು ಹೋಗಿದ್ದೆ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೇಜಿನ ಅಡಿಗೆ ಕೈ ಹಾಕಿದಾಗ ಧೂಳಿನ ಜೊತೆ ಒಂದು ಬಟ್ಟೆಯ ತುಂಡು ಬೆರಳಿಗೆ ಸಿಕ್ಕಿತು. ಹಳೆ ಸೀರೆಯಿಂದ ಹರಿದ ಕೆಂಪು ಪಟ್ಟಿ, ಪ್ಲಗ್ಗಿನ ವೈರಿಗೆ ಗಂಟು ಹಾಕಿ ಕಟ್ಟಿದ್ದು. ಬಣ್ಣ ಮಾಸಿತ್ತು, ಗಂಟು ಹಾಗೆಯೇ ಇತ್ತು... ನನಗೆ ಅಲ್ಲಿಂದ ಏಳಲು ಆಗಲಿಲ್ಲ.

ಅದನ್ನು ಕಟ್ಟಿದವರು ಕೌಂಟರಿನ ಅಕ್ಕ. ರೋಗಿಗಳನ್ನು ಹೆಸರು ಹಿಡಿದು ಕರೆಯುವುದು, ಜೊತೆಗೆ ಬಂದವರಿಗೆ ಕುರ್ಚಿ ತೋರಿಸುವುದು, ಸಂಜೆ ಬೀಗ ಹಾಕುವುದು ಅವರ ಕೆಲಸವಾಗಿತ್ತು. ಘಟ್ಟದ ಕಡೆಯಿಂದ ಮೊದಲ ಗುಡುಗು ಕೇಳಿದರೆ ನಮ್ಮ ಊರುಗಳಲ್ಲಿ ಪ್ರತಿ ಮನೆಯಲ್ಲೂ ಟಿವಿ, ಫ್ರಿಜ್ಜು, ಮಿಕ್ಸಿಗಳ ಪ್ಲಗ್ಗು ಕಳಚುತ್ತದೆ. ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ. ಮೋಡ ಕಪ್ಪಾದರೆ ಸಾಕು, ದೇವರ ಫೋಟೋದ ಮುಂದಿನ ಪುಟ್ಟ ಬಲ್ಬಿನವರೆಗೆ ಎಲ್ಲವನ್ನೂ ಕಳಚಿಡುತ್ತಿದ್ದರು. ರೋಗಿಗಳ ಯಂತ್ರಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಅಕ್ಕ, ಗಡಿಯಾರದ ಸೆಲ್ಲೂ ತೆಗೆದುಬಿಡಿ" ಎಂದು ನಾನು ಕೀಟಲೆ ಮಾಡಿದರೆ ನಗುತ್ತಿರಲಿಲ್ಲ. ಯಾಕೆ ನಗುತ್ತಿರಲಿಲ್ಲ ಎಂದು ನಾನೂ ಕೇಳಲಿಲ್ಲ.

ಆ ಬಟ್ಟೆ ಕಟ್ಟಿದ ವರ್ಷ ದೀಪಾವಳಿ ಕಳೆದ ಮೇಲೂ ಮಧ್ಯಾಹ್ನದ ಮಳೆ ಬಿಟ್ಟಿರಲಿಲ್ಲ. ಅಕ್ಕ ಇಲ್ಲದ ಒಂದು ಭಾನುವಾರ ಸಿಡಿಲು ಹೊಡೆದು ಸರ್ವರ್ ಸುಟ್ಟುಹೋಯಿತು. ಯಾರ ದೇಹದಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧಿ ಆಗುವುದಿಲ್ಲ, ಎಲ್ಲವೂ ಅದರೊಳಗೆ ಇತ್ತು. ಕಾಗದದ ಫೈಲು ಬರೆಯುವುದನ್ನು ಎಂದೋ ನಿಲ್ಲಿಸಿದ್ದರು. ಉಳಿದದ್ದು ಒಂದೇ ನಕಲು, ಮೂಡುಬಿದಿರೆಯ ಶಾಖೆಯಲ್ಲಿದ್ದ ಒಂದು ಡಿಸ್ಕು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಮ್ಮ ಕಡೆ ಮಲ್ಲಿಗೆಯನ್ನೂ ಮಾತ್ರೆಯನ್ನೂ ಕಳುಹಿಸುವ ಹಾಗೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳುಹಿಸಿದರು. ಬಸ್ಸು ಬೆಳ್ತಂಗಡಿಗೆ ಬರುವವರೆಗೆ ನನ್ನ ಜೀವ ಜೀವದಲ್ಲಿರಲಿಲ್ಲ. ಅಕ್ಕ ಸ್ಟ್ಯಾಂಡಿನಲ್ಲಿ ಕಾದು, ಕಟ್ಟನ್ನು ಸೆರಗಿನೊಳಗೆ ಹಿಡಿದುಕೊಂಡು ಹೋದರಂತೆ.

ಹೊಸ ಸರ್ವರ್ ಯಂತ್ರವನ್ನು ಕೂರಿಸಿ, ಡಿಸ್ಕನ್ನು ಅದಕ್ಕೆ ಜೋಡಿಸಿದವರು ಆಗಲೇ ಹಿಂದಿರುಗಿದ್ದರು. ಆ ದಿನದ ಮಟ್ಟಿಗೆ ವೈದ್ಯರು ರೋಗಿಗಳನ್ನೆಲ್ಲ ಮೂಡುಬಿದಿರೆಗೆ ಕಳುಹಿಸಿದ್ದರು. ಮರುದಿನ ಬೆಳಿಗ್ಗೆ ಅಲ್ಲಿ ಹಾಸಿಗೆ ಖಾಲಿ ಇರಲಿಲ್ಲ, ಇವರು ಇಲ್ಲಿಗೇ ಬರಬೇಕಿತ್ತು. ನಾನು ಬಿ.ಸಿ. ರೋಡಿನ ಆಫೀಸಿನಲ್ಲಿ ಕುಳಿತೇ ದೂರದಿಂದ ಡಿಸ್ಕಿನಲ್ಲಿದ್ದದ್ದನ್ನು ಹೊಸ ಯಂತ್ರಕ್ಕೆ ಇಳಿಸಲು ಶುರು ಮಾಡಿದೆ. ಕೆಲಸ ಅರ್ಧಕ್ಕೆ ಬರುವಾಗ ಇಂಟರ್ನೆಟ್ ಹೋಯಿತು. ಡಿಸ್ಕು ಅಲ್ಲೇ ಇದ್ದದ್ದರಿಂದ ಕೆಲಸ ನಿಲ್ಲುವುದಿಲ್ಲ, ಆದರೆ ನನಗೆ ಇಲ್ಲಿಂದ ಏನೂ ಕಾಣುತ್ತಿರಲಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಕೊನೆಗೆ ಕೌಂಟರಿನ ಹಳೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ.

"ಅಕ್ಕ, ಪರದೆಯಲ್ಲಿ ಹಸಿರು ಗೆರೆ ಓಡ್ತಾ ಉಂಟಾ?"

"ಉಂಟು. ಅರ್ಧಕ್ಕಿಂತ ಸ್ವಲ್ಪ ಆಚೆ ಹೋಗಿದೆ."

ನಾವಿಬ್ಬರೂ ತುಳು ಮಾತಾಡುವವರು. ಆದರೆ ಫೋನಿನಲ್ಲಿ ಮಾತ್ರ ಅವರದು ಕನ್ನಡ, ಆಫೀಸು ಕೆಲಸ ಎಂದರೆ ಕನ್ನಡದಲ್ಲೇ ಆಗಬೇಕು ಎನ್ನುವ ಹಾಗೆ. ಅಷ್ಟರಲ್ಲಿ ಅವರ ಕಡೆ ಗುಡುಗಿದ್ದು ನನಗೆ ಫೋನಿನಲ್ಲೇ ಕೇಳಿಸಿತು. ಈ ಹೆಂಗಸು ಈಗ ಎದ್ದುಹೋಗಿ ಪ್ಲಗ್ಗು ಕಳಚುತ್ತಾರೆ. ಯುಪಿಎಸ್ ಕೂಡ ಸುಟ್ಟಿತ್ತು, ತಾತ್ಕಾಲಿಕಕ್ಕೆ ಇಟ್ಟದ್ದರ ಬ್ಯಾಟರಿ ಒಂದು ಲೋಟ ಚಾ ಕುಡಿಯುವಷ್ಟು ಹೊತ್ತೂ ತಾಳುವಂಥದ್ದಲ್ಲ. ನಡುವೆ ನಿಂತರೆ ಯಂತ್ರ ಹೋದೀತು, ಇದ್ದ ಒಂದು ಡಿಸ್ಕೂ ಹೋದೀತು.

"ಅಕ್ಕ, ದಮ್ಮಯ್ಯ, ಅದೊಂದು ಪ್ಲಗ್ಗು ತೆಗೀಬೇಡಿ. ಉಳಿದದ್ದು ಏನು ಬೇಕಾದರೂ ತೆಗೀರಿ."

ಉತ್ತರ ಬಂತು, ಆದರೆ ದೂರದಿಂದ. ಬಾವಿಯೊಳಗಿನಿಂದ ಮಾತಾಡಿದ ಹಾಗೆ.

"ಹತ್ತಿರ ಹಿಡಿದು ಮಾತಾಡಿ ಅಕ್ಕ, ಕೇಳುವುದಿಲ್ಲ" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಆಗ ಅವರು ಹೇಳಿದರು, "ನನ್ನ ತಂಗಿ ಹೋದದ್ದು ಹೀಗೇ ಮಾರಾಯ್ತಿ. ಗುಡುಗುವಾಗ ಫೋನ್ ಕೈಯಲ್ಲಿತ್ತು."

ಫೋನ್ ಇಡಿ ಎಂದು ಕೂಗಿದೆ. "ಇಟ್ಟರೆ ನಿನಗೆ ಗೆರೆ ಹೇಳುವುದು ಯಾರು? ನಾಳೆ ಬೆಳಿಗ್ಗೆ ಬರುವವರಿಗೆ ನಾನು ಎಂಥ ಹೇಳುವುದು?" ಎಂದರು. ಮತ್ತೆ ಗುಡುಗಿತು. ಈ ಸಲ ತುಳುವಿನಲ್ಲಿ, ಮಗುವಿನ ಹಾಗೆ, "ಎಂಕ್ ಪೋಡಿಗೆ ಆಪುಂಡು" ಎಂದರು. ನನಗೆ ಹೆದರಿಕೆಯಾಗುತ್ತದೆ ಎಂದು. ಮರುಕ್ಷಣ ಕಿವಿ ಹರಿಯುವಂಥ ಒಂದು ಸದ್ದು... ಆಮೇಲೆ ಏನೂ ಇಲ್ಲ.

ಎಷ್ಟು ಸಲ ಫೋನ್ ಮಾಡಿದೆನೋ ಗೊತ್ತಿಲ್ಲ. ಮಳೆಯಂಗಿಯನ್ನೂ ಹಾಕಿಕೊಳ್ಳದೆ ಸ್ಕೂಟರ್ ಹೊರಡಿಸಿದೆ. ಪುಂಜಾಲಕಟ್ಟೆಗೆ ಬರುವಾಗ ರಸ್ತೆಯೇ ಕಾಣದಂಥ ಮಳೆ. ಅಲ್ಲಿನ ಅಂಗಡಿಯ ಜಗಲಿಯಲ್ಲಿ ನಿಂತಿದ್ದವರು "ನಿಲ್ಲಿ ಮಾರಾಯ್ರೇ, ಸಿಡಿಲು ಉಂಟು" ಎಂದು ಕೂಗಿದರು. ನಾನು ನಿಲ್ಲಲಿಲ್ಲ. ಸರ್ವರು, ಡಿಸ್ಕು ಯಾವುದೂ ತಲೆಯಲ್ಲಿರಲಿಲ್ಲ. ಬಾಗಿಲು ತೆರೆದಾಗ ಏನು ಕಾಣಬೇಕಾಗುತ್ತದೋ ಎಂಬ ಒಂದೇ ಭಯ. ದಾರಿಯುದ್ದಕ್ಕೂ ದೇವರಿಗೂ ದೈವಗಳಿಗೂ ಹರಕೆ ಹೊತ್ತೆ, ಅಕ್ಕನ ಹೆಸರನ್ನು ಕೂಗಿ ಕರೆದೆ.

ಬಾಗಿಲು ತೆರೆದೆ. ದೀಪಗಳನ್ನೆಲ್ಲ ಆರಿಸಿದ ಕತ್ತಲೆಯಲ್ಲಿ ಅಕ್ಕ ಮರದ ಬೆಂಚಿನ ಮೇಲೆ ಕಾಲು ಮೇಲೆತ್ತಿಕೊಂಡು, ರಬ್ಬರ್ ಚಪ್ಪಲಿಯನ್ನೂ ಬಿಡದೆ, ಮುದುಡಿ ಕುಳಿತಿದ್ದರು. ಮುಖ ಬಿಳಿಚಿತ್ತು. ಫೋನಿನ ವೈರನ್ನು ಅವರೇ ಕಿತ್ತು ನೆಲಕ್ಕೆ ಹಾಕಿದ್ದರು. ಫ್ಯಾನು, ಫ್ರಿಜ್ಜು, ದೇವರ ಬಲ್ಬು, ಎಲ್ಲದರ ಪ್ಲಗ್ಗೂ ಕಳಚಿತ್ತು. ಸರ್ವರಿನದು ಮಾತ್ರ ಗೋಡೆಯಲ್ಲೇ ಇತ್ತು, ಅದಕ್ಕೆ ಕೆಂಪು ಬಟ್ಟೆ.

"ಹೆದರಿಕೆಯಲ್ಲಿ ನನ್ನ ಕೈ ತಾನೇ ಹೋಗಿ ತೆಗೀತದೆ" ಎಂದರು. "ಅದಕ್ಕೆ ಚೀಲದಲ್ಲಿದ್ದ ಹಳೆ ಸೀರೆ ಹರಿದು ಕಟ್ಟಿದೆ. ಬಟ್ಟೆ ಕೈಗೆ ತಾಗಿದರೆ ನೆನಪಾಗ್ತದಲ್ಲ, ಇದು ಬೇಡ ಅಂತ."

ಪರದೆಯಲ್ಲಿ ಹಸಿರು ಗೆರೆ ತುದಿ ಮುಟ್ಟಿತ್ತು. ಒಂದೊಂದೇ ಕಡತ ತೆರೆದು ನೋಡಿದೆ, ಎಲ್ಲವೂ ಸರಿಯಾಗಿತ್ತು. ನಾನು ಅವರ ಮಡಿಲಲ್ಲಿ ತಲೆಯಿಟ್ಟು ಗೊಳೋ ಎಂದು ಅತ್ತೆ. ಅವರು ಬೈದರು. "ಈ ಸಿಡಿಲಿಗೆ ಸ್ಕೂಟರಿನಲ್ಲಿ ಬಂದದ್ದಾ? ತಲೆ ಸರಿ ಉಂಟಾ ನಿನಗೆ?" ಬೈಯುತ್ತಲೇ ಉಳಿದ ಸೀರೆಯಲ್ಲಿ ನನ್ನ ತಲೆ ಒರೆಸಿದರು. ಮರುದಿನ ಬೆಳಿಗ್ಗೆ ಏನೂ ಆಗದವರ ಹಾಗೆ ಕೌಂಟರಿನಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಕಳುಹಿಸಿದರಂತೆ.

ಕಳೆದ ಬೇಸಿಗೆಯಲ್ಲಿ ಅಕ್ಕ ಹೋದರು. ಸಿಡಿಲಲ್ಲ, ಗುಡುಗಲ್ಲ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸುದ್ದಿ ನನಗೆ ತಡವಾಗಿ ಬಂತು... ಮುಖ ನೋಡಲೂ ಆಗಲಿಲ್ಲ.

ಈಗ ಎಲ್ಲ ಮಾಹಿತಿಯೂ ದೂರದ ಯಾವುದೋ ಯಂತ್ರಕ್ಕೆ ಹೋಗಿದೆ, ಅದಕ್ಕಾಗಿ ಯಾರೂ ಬೆವರಬೇಕಾಗಲಿಲ್ಲ. ಅಂದಿನ ಆ ಹೊಸ ಸರ್ವರನ್ನೇ ಈಗ ಹಳೆಯದೆಂದು ಆಫ್ ಮಾಡಿ ಸಾಗಿಸುವುದಷ್ಟೇ ನನಗೆ ಉಳಿದ ಕೆಲಸ. ಆದರೂ ಪ್ಲಗ್ಗಿನ ಮೇಲೆ ಕೈ ಇಟ್ಟರೆ ಬಟ್ಟೆ ಬೆರಳಿಗೆ ತಾಗುತ್ತಿತ್ತು. ಇದು ಬೇಡ ಎನ್ನುತ್ತಿತ್ತು. ಕೌಂಟರಿನಲ್ಲಿ ಹೊಸ ಹುಡುಗಿ ಯಾರ ಹೆಸರನ್ನೋ ಕರೆಯುತ್ತಿದ್ದಳು. ಹೊರಗೆ ಘಟ್ಟದ ಕಡೆ ಗುಡುಗಿತು. ಆ ಹುಡುಗಿ ತಲೆಯೆತ್ತಲಿಲ್ಲ, ಒಂದು ಪ್ಲಗ್ಗನ್ನೂ ಯಾರೂ ಕಳಚಲಿಲ್ಲ.

"ಎಂಕ್ ಪೋಡಿಗೆ ಆಪುಂಡು ಅಕ್ಕ" ಎಂದೆ, ಮೇಜಿನ ಅಡಿಯಲ್ಲೇ, ಯಾರಿಗೂ ಕೇಳದ ಹಾಗೆ. ಬೈಯುವವರು ಇರಲಿಲ್ಲ. ಗುಡುಗು ಹತ್ತಿರವಾದಾಗ, ಅವರಿದ್ದಿದ್ದರೆ ಮಾಡುತ್ತಿದ್ದ ಹಾಗೆ, ಪ್ಲಗ್ಗು ಕಳಚಿದೆ.