ದನದ ಉಪ್ಪು

ನನ್ನ ಗಂಡನ ಅಕ್ಕನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಯಾವುದೂ ಇಲ್ಲ. ಕುಣಿಗಲ್‌ನ ಅವರ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಡಾಕ್ಟರಿಗಿಂತ ಮೊದಲು ಇವರು ಬಾಯಿ ಹಾಕುತ್ತಾರೆ. ನನಗೆ ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆದಾಗ ತುಮಕೂರಿನ ನಮ್ಮ ಮನೆಗೆ ಅಡುಗೆಯ ಉಸ್ತುವಾರಿಗೆಂದು ಬಂದಿಳಿದವರೂ ಇವರೇ. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ನನ್ನ ಗಂಡನಿಗಂತೂ ಹುಟ್ಟಿನಿಂದಲೇ ಇರಲಿಲ್ಲ.

ಕುತ್ತಿಗೆಯಲ್ಲಿ ಉಳಿದಿರಬಹುದಾದ ಚೂರುಪಾರನ್ನು ಸುಡಲು ವಿಕಿರಣದ ಅಯೋಡಿನ್ ಕೊಡಬೇಕಿತ್ತು. "ಹಸಿದವರು ತಾನೇ ಚೆನ್ನಾಗಿ ಉಣ್ಣೋದು? ಆ ಜೀವಕೋಶಗಳು ಅಯೋಡಿನ್‌ಗೆ ಹಸೀಬೇಕು" ಎಂದಿದ್ದರು ಡಾಕ್ಟರು. ಅದಕ್ಕೇ ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದರು. ಎರಡು ವಾರ ಹಾಲು, ಮೊಸರು, ಪ್ಯಾಕೆಟ್ ಉಪ್ಪು ಮುಟ್ಟುವಂತಿರಲಿಲ್ಲ. ಅಯೋಡಿನ್ ಬೆರೆಸದ ಕಲ್ಲುಪ್ಪಿಗಾಗಿ ಅಂಗಡಿ ಅಂಗಡಿ ಅಲೆದು, ತಂದು ಭರಣಿಗೆ ತುಂಬಿಟ್ಟಿದ್ದೆ.

ಅಕ್ಕ ಮುಚ್ಚಳ ತೆಗೆದವರೇ ಮೂಗು ಮುರಿದರು.

"ಥೂ, ಇದು ದನದ ಕಲಗಚ್ಚಿಗೆ ಹಾಕೋ ಉಪ್ಪು ಕಣೇ! ಕಾಯ್ಲೆ ಬಿದ್ದೋಳಿಗೆ ಇದನ್ನ ತಿನ್ಸುದ್ರೆ ನಾಳೆ ನಾಕು ಜನ ನನ್ನ ಮಕಕ್ಕೆ ಉಗೀತಾರೆ."

"ಡಾಕ್ಟ್ರು ಹೇಳವ್ರೆ ಅಕ್ಕ."

"ಡಾಕ್ಟ್ರೇನು ಮನೇಲಿ ಎಮ್ಮೆ ಕಟ್ಟವ್ರಾ? ಸುಮ್ನಿರು."

ಮಾರನೆಯ ದಿನದ ಉಪ್ಸಾರು, ಸುಳ್ಳೇಕೆ ಹೇಳಲಿ, ಬಲು ರುಚಿಯಾಗಿತ್ತು.

ಮಾತ್ರೆಯಿಲ್ಲದೆ ಮುಖ ಊದಿ, ಮಾರ್ಚ್ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೋದೆ. ಮೂತ್ರ ಪರೀಕ್ಷೆ ಮಾಡಿ, ಮೈತುಂಬ ಅಯೋಡಿನ್ ಇದೆ, ಈಗ ಔಷಧ ಕೊಟ್ಟರೆ ದಂಡ ಎಂದು ವಾಪಸ್ ಕಳಿಸಿದರು. ಮತ್ತೆ ಮೊದಲಿಂದ ಪಥ್ಯ, ಮಾತ್ರೆಯಿಲ್ಲದೆ ಇನ್ನೂ ಮೂರು ವಾರ. ಒಳಗೆ ಉಳಿದದ್ದು ಬೆಳೆಯುತ್ತಿದೆಯೋ ಏನೋ ಎಂದು ಕನ್ನಡಿಯ ಮುಂದೆ ಗಾಯದ ಗೆರೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಆ ಭಯ ಶತ್ರುವಿಗೂ ಬೇಡ. ಅಕ್ಕನಿಗೆ ಒಂಚೂರು ಬರಲಿ ಅಂದುಕೊಂಡಿದ್ದುಂಟು.

ಅಯೋಡಿನ್ ಎಲ್ಲಿಂದ ಬಂತು ಅಂದರೆ, ಭರಣಿಯ ತುಂಬ ಪ್ಯಾಕೆಟ್ಟಿನ ಪುಡಿಯುಪ್ಪು. ನನ್ನ ಕಲ್ಲುಪ್ಪು ಹಿತ್ತಲ ತೆಂಗಿನ ಬುಡ ಸೇರಿತ್ತು. "ತೆಂಗಿಗಾದ್ರೂ ಆಗ್ಲಿ ಅಂತ ಸುರುದೆ" ಎಂದರು ಅಕ್ಕ, ಮುಖದಲ್ಲಿ ನಾಚಿಕೆಯ ಗೆರೆಯೂ ಇಲ್ಲದೆ. ಅಷ್ಟಾದರೂ ಅವರಿಗೆ "ಊರಿಗೆ ಹೋಗಿ" ಅನ್ನಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಅವರ ಮಗಳಿಗೆ ಪರೀಕ್ಷೆ ಶುರುವಾಯಿತು, ತಾವಾಗಿಯೇ ಹೋದರು. ನನ್ನನ್ನು ಉಳಿಸಿದ್ದು ಆ ಪರೀಕ್ಷೆ.

ಔಷಧ ತೆಗೆದುಕೊಂಡು ವರ್ಷದ ಮೇಲೆ ಸ್ಕ್ಯಾನ್, ರಕ್ತ ಎಲ್ಲ ನೋಡಿ ಡಾಕ್ಟರು, "ಕಾಯಿಲೆಯ ಸುಳಿವಿಲ್ಲ, ತಪಾಸಣೆಗೆ ಮಾತ್ರ ಬರ್ತಾ ಇರಿ" ಎಂದರು. ಆ ಖುಷಿಗೆ ಗುಬ್ಬಿ ಕಡೆ, ಸಿ.ಎಸ್. ಪುರದ ಗಂಡನ ಮನೆಯಲ್ಲಿ ನೆಂಟರಿಗೆಲ್ಲ ಊಟ. ಅಡುಗೆ ಯಾರದ್ದು? ಇನ್ಯಾರದ್ದು!

"ನನ್ನ ಕೈಯೂಟ ಉಂಡೇ ವಾಸಿಯಾಗಿದ್ದು. ದನದ ಉಪ್ಪು ತಿನ್ಕಂಡು ಕುಂತಿದ್ರೆ ಆಗ್ತಿತ್ತಾ?" ಎಂದು ಅಕ್ಕ ಪಂಕ್ತಿಗೆಲ್ಲ ಸಾರಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಎಲ್ಲರೂ ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿಯಿತು. ಆದರೆ ಯಾರಿಗೂ ಹೇಳದ ಒಂದು ಮಾತಿದೆ. ಉಪ್ಸಾರಿನ ಆ ಮೊದಲ ತುತ್ತಿನಲ್ಲೇ ನನಗೆ ಅನುಮಾನ ಬಂದಿತ್ತು. ಕೈ ತೊಳೆದು ಬಂದು ಭರಣಿ ತೆಗೆದು ನೋಡಿದ್ದೆ. ಪುಡಿಯುಪ್ಪನ್ನು ಕಣ್ಣಾರೆ ಕಂಡು, ಸದ್ದಾಗದಂತೆ ಮುಚ್ಚಿಟ್ಟಿದ್ದೆ. ಅವರು ಮುನಿಸಿಕೊಂಡಾರು ಅಂತ. ಆಮೇಲೆ ದಿನವೂ ಉಂಡೆ.

ಅಕ್ಕ ಸೌಟು ಹಿಡಿದು ನನ್ನ ಎಲೆಯ ಮುಂದೆ ಬಗ್ಗಿದರು. "ಸಾರಿಗೆ ಉಪ್ಪು ಸರಿಯಾಗೈತಾ?"

"ಸರಿಯಾಗೈತೆ ಅಕ್ಕ" ಎಂದೆ.

ಸಾರು ಬರೀ ಸಪ್ಪೆಯಾಗಿತ್ತು.