ಕೆಂಪು ದಾರ ಕಟ್ಟಿದ ಗಿಡಗಳು

ಕಳೆದ ತಿಂಗಳು ನಾನೊಂದು ಕ್ರಾಂತಿ ಮಾಡಿದೆ. ಬಾದಾಮಿ ಹತ್ತಿರ, ನಮ್ಮ ಅಕ್ಕನ ಗಂಡ ಸಂಗಪ್ಪ ಮಾಮಾ ಅವರ ಹೊಲದಲ್ಲಿ ಅಲ್ಲಲ್ಲಿ ಗಿಡಕ್ಕೆ ಕಟ್ಟಿದ್ದ ಕೆಂಪು ದಾರಗಳನ್ನೆಲ್ಲ ಬಿಚ್ಚಿ ಜೇಬಿಗೆ ತುಂಬಿಕೊಂಡೆ. ಮೂಢನಂಬಿಕೆ ನಿರ್ಮೂಲನೆ ಎಲ್ಲಿಂದಾದರೂ ಶುರುವಾಗಬೇಕಲ್ಲ?

ಮಾಮಾ ಬೆಳೆಯುವುದು ಆಸ್ಪರಾಗಸ್. (ಗೊತ್ತಿಲ್ಲವೇ? ನನಗೂ ಗೊತ್ತಿರಲಿಲ್ಲ. ಪೆನ್ಸಿಲ್ ಗಾತ್ರದ ಹಸಿರು ಕುಡಿ. ಗುಹೆ ನೋಡಲು ಬರುವ ಫಾರಿನ್ ಮಂದಿ ಬೆಣ್ಣೆ ಹಾಕಿಕೊಂಡು ತಿನ್ನುತ್ತಾರೆ.) ಇರುವುದೊಂದೇ ಗಿರಾಕಿ, ಒಂದು ಹೋಟೆಲ್. ಕುಡಿಗಳ ತುದಿ ಕೊಳೆತು ಎರಡು ಸಲ ಬಾಕ್ಸ್ ವಾಪಸ್ ಬಂದಿತ್ತು. ಮೂರನೇ ಸಲವೂ ಹಾಗಾದರೆ ಆರ್ಡರ್ ಕ್ಯಾನ್ಸಲ್ ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದ. ಮಾಮಾ ಊಟ ಬಿಟ್ಟು ಕೂತಿದ್ದರು.

ಹಾಗಾಗಿ ಕೃಷಿ ತಜ್ಞರೊಬ್ಬರನ್ನು ಕರೆಸಿದೆವು. ಅಂಥವರ ಕಣ್ಣಿಗೆ ದಾರ ಬಿದ್ದರೆ ನಮ್ಮ ಮರ್ಯಾದೆ ಏನಾಗಬೇಕು?

ತಜ್ಞರು ಬಂದರು. ಗಿಡ ನೋಡಲಿಲ್ಲ, ಕೊಯ್ಯುವ ಹೆಂಗಸರ ಕೈ ನೋಡಿದರು. ಹೈಜೀನ್ ಪ್ರಾಬ್ಲಮ್ ಎಂದರು. ಎಲ್ಲರಿಗೂ ಸೋಪು ಕೊಡಿಸಲು ಹೇಳಿ, ಚಹಾ ಕುಡಿದು ಹೊರಟರು. ತಲೆಯಾಡಿಸಿದವರಲ್ಲಿ ನಾನೇ ಮೊದಲಿಗ.

ಕೊಯ್ಯಲು ಬರುವ ಗುರವ್ವ ಇಳಕಲ್ಲಿನ ನೇಕಾರರ ಮನೆಮಗಳು. ದಾರ ಎಲ್ಲಿ ಹೋದವು ಎಂದು ಕೇಳಿದಳು. ಹೆಮ್ಮೆಯಿಂದ ಜೇಬು ತೋರಿಸಿ, ಯಾವ ದೇವರ ಹರಕೆಯಮ್ಮಾ ಎಂದೆ.

"ದೇವ್ರದಲ್ರಿ. ಎಲ್ಲಾ ಗಿಡಾ ಒಂದ ಥರಾ ಇರೂದಿಲ್ರಿ. ಒಂದರ ಕುಡಿ ಎರಡ ದಿನಕ್ಕ ಕೊಳೀತಾವ, ಬಾಜೂಕಿನ ಗಿಡದವು ವಾರಾದ್ರೂ ಗಟ್ಟಿ ಇರ್ತಾವ. ಕೊಳಿಯೂ ಗಿಡಕ್ಕ ದಾರಾ ಕಟ್ಟಿದ್ನಿರಿ. ಅವನ್ನ ಕೂಡಿಸಿ ಇಟ್ರ ಎಲ್ಲಾ ಕೆಡ್ತಾವ್ರಿ."

ಒಂದೊಂದು ಗಿಡದ ಕುಡಿಯನ್ನೂ ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯಲ್ಲಿಟ್ಟು ದಿನಾ ಬಿಚ್ಚಿ ನೋಡಿದ್ದಳಂತೆ. ತಿಂಗಳುಗಟ್ಟಲೆ. ತವರಿನ ಮಗ್ಗದಲ್ಲಿ ಉಳಿದ ನೂಲು ತಂದು ಗುರುತು ಹಾಕಿ ಮುಗಿಸಿದ್ದು ಆ ವಾರವಷ್ಟೇ; ಮೂರನೇ ಬಾಕ್ಸಿನಿಂದ ಅವನ್ನು ಬೇರೆ ಇಡುವ ಲೆಕ್ಕ ಅವಳದು. ತಜ್ಞರಿಗೆ ಹೇಳಲು ಬಾಯಿ ತೆರೆದಳಂತೆ. ಅವರು ಕೈ ತೋರಿಸು ಎಂದರಂತೆ.

ನೂರಾರು ಗಿಡ. ಯಾವುದಕ್ಕೆ ಕಟ್ಟಿದ್ದೆನೆಂದು ಅವಳಿಗಾದರೂ ಹೇಗೆ ನೆನಪಿರಬೇಕು? ಸೋಪಿನಲ್ಲಿ ತೊಳೆದ ಕೈಗಳು ಕೊಯ್ದ ಮೂರನೇ ಬಾಕ್ಸ್ ಬುಧವಾರ ಹೋಯಿತು, ಶುಕ್ರವಾರ ವಾಪಸ್ ಬಂತು. ತುದಿ ಕೊಳೆತಿತ್ತು. ಸೋಪಿನ ಘಮ ಮಾತ್ರ ಹಾಗೇ ಇತ್ತು. ಆರ್ಡರೂ ಹೋಯಿತು.

ಗುರವ್ವ ಈಗ ಮತ್ತೆ ಮೊದಲಿನಿಂದ ಬಟ್ಟೆ ಒದ್ದೆ ಮಾಡುತ್ತಿದ್ದಾಳೆ. ಮಾಮಾ ಬಾಗಲಕೋಟೆಯಲ್ಲಿ ಬೇರೆ ಹೋಟೆಲ್ ಹುಡುಕುತ್ತಿದ್ದಾರೆ. ನಾನು ಮಾಡಿದ್ದು ಖರೆ ಅನ್ಯಾಯ.

ಮೊನ್ನೆ ಹೋದಾಗ ಅಕ್ಕ ನನ್ನ ಕೈ ಹಿಡಿದು, ಮಣಿಕಟ್ಟಿಗೆ ಗುರವ್ವನ ನೂಲಿನದೊಂದು ಕೆಂಪು ದಾರ ಕಟ್ಟಿದಳು.

ಯಾವ ದೇವರದು ಎಂದು ನಾನು ಕೇಳಲಿಲ್ಲ.