ಸರ್ವಾನುಮತದ ಪದ್ಯ

ಕಾಫಿಯೋ ಚಹಾವೋ ಎಂಬ ಪ್ರಶ್ನೆಗೆ ನಾವು ಮೂವರೂ ಒಂದೇ ಉತ್ತರ ಕೊಟ್ಟದ್ದು ನನಗಂತೂ ನೆನಪಿಲ್ಲ. ತೀರ್ಥಹಳ್ಳಿಯಲ್ಲಿ ಔಷಧದಂಗಡಿ ಇಟ್ಟಿರುವ ಶ್ರೀಧರನಿಗೆ ಸಕ್ಕರೆಯಿಲ್ಲದ ಕಾಫಿ, ಹೊಸನಗರದ ಟೀಚರ್ ಸುಮಿತ್ರಾಳಿಗೆ ಚಹಾ, ಸಾಗರದಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಬರುವ ನನಗೆ ಕಷಾಯ. ಇಂಥವರು ಸೇರಿ ಕವಿತೆಗಳಿಗೆಂದೇ ಒಂದು ಪ್ರಕಾಶನ ಕಟ್ಟಿ, ಇಲ್ಲಿ ಯಾರೂ ಯಜಮಾನರಲ್ಲ, ಎಲ್ಲವೂ ಸರ್ವಾನುಮತದಿಂದಲೇ ಆಗತಕ್ಕದ್ದು ಎಂದು ನಿಯಮ ಮಾಡಿಕೊಂಡೆವೆಂದರೆ, ಮುಂದಿನ ಅವಸ್ಥೆಯನ್ನು ನೀವೇ ಊಹಿಸಿಕೊಳ್ಳಬಹುದು. ಹೆಸರಿಗೆ ಪ್ರಕಾಶನವಾದರೂ, ನಮ್ಮಲ್ಲಿ ಪ್ರಕಾಶ ಕಂಡ ಪುಸ್ತಕಗಳಿಗಿಂತ ಕಪಾಟಿನ ಕತ್ತಲಲ್ಲಿ ತಪಸ್ಸಿಗೆ ಕೂತ ಹಸ್ತಪ್ರತಿಗಳೇ ಹೆಚ್ಚು.

ಪದ್ಮಾವತಮ್ಮನವರದು ಅಂಥದೊಂದು. ಬೆಳಿಗ್ಗೆ ಬಸದಿಗೆ ಹೋಗಿಬಂದು ಹೊಸನಗರದ ತಮ್ಮ ಬಟ್ಟೆ ಅಂಗಡಿಯ ಬಾಗಿಲು ತೆಗೆಯುವ ಈ ಹಿರಿಯರು, ತಮ್ಮ ಮೊದಲ ಸಂಕಲನವನ್ನು ನಮ್ಮನ್ನು ನಂಬಿ ಕೊಟ್ಟಿದ್ದರು. ಎರಡು ಮಳೆಗಾಲ ಕಳೆದರೂ ಮುಖಪುಟದ ಹಸಿರು ಚಿಗುರಿನದೋ ಪಾಚಿಯದೋ ಎಂದು ನಾವಿನ್ನೂ ಕಾದಾಡುತ್ತಿದ್ದೆವು. ಶ್ರೀಧರನಂತೂ ನನ್ನೊಡನೆ ಮಾತು ಬಿಟ್ಟು, ಎದುರಿಗೇ ಕೂತಿದ್ದ ನನಗೆ ತನ್ನ ಅಭಿಪ್ರಾಯಗಳನ್ನು ಸುಮಿತ್ರಾಳ ಮೂಲಕ ತಲುಪಿಸುತ್ತಿದ್ದ.

"ಸಾಕಾಯ್ತು ನಂಗೆ. ಮುಚ್ಚಿಬಿಡಣ ಇದನ್ನ," ಎಂದು ಅವಳು ರೋಸಿ ಹೇಳಿದ ಭಾನುವಾರವೇ ಪದ್ಮಾವತಮ್ಮ ಅವಳ ಮನೆಯ ಜಗಲಿ ಹತ್ತಿ ಬಂದರು.

"ಎಂತ ಮಾರಾಯ್ರೆ, ಬರೆಯಕ್ಕೆ ನಂಗೆ ಇಷ್ಟು ದಿನ ಹಿಡೀಲಿಲ್ಲ. ಕೊಡಿ ಇತ್ಲಾಗೆ," ಎಂದು ಹಸ್ತಪ್ರತಿಗೆ ಕೈ ಚಾಚಿದರು.

ನಾನು ಗಡಿಬಿಡಿಯಿಂದ, "ಎಲ್ಲದಕ್ಕೂ ಜಗಳ ಇಲ್ಲ ಪದ್ಮಕ್ಕ. ತೀರಿಹೋದ ಅಕ್ಕನ ಸೀರೆ ಮಡಚೋ ಪದ್ಯ ಇದ್ಯಲ್ಲ, ಅದು ಮೂರೂ ಜನಕ್ಕೂ ಇಷ್ಟ," ಎಂದೆ.

ಅವರು ಹಾಳೆ ತಿರುವಿ, ಆ ಪದ್ಯವನ್ನೇ ಹೊರಗೆಳೆದು ಮಡಚಿ ಚೀಲಕ್ಕೆ ಹಾಕಿಕೊಂಡರು.

"ಸೀರೆ ಮಡಚ್ತಾ ಅತ್ಬಿಟ್ಟೆ ಅಂತ ಬರ್ದಿದೀನಿ. ನಾನು ಅಳ್ಲಿಲ್ಲ. ಅವತ್ತೂ ಅಂಗಡಿ ತೆಗ್ದು ಕೂತಿದ್ದೆ. ಓದಿದೋರಿಗೆ ಇಷ್ಟ ಆಗ್ಲಿ ಅಂತ ಸೇರ್ಸಿದ್ದು ಅದು."

ಪ್ರಕಾಶನದ ಚರಿತ್ರೆಯಲ್ಲೇ ಮೊದಲ ಬಾರಿಗೆ ನಾವು ಮೂವರೂ ಒಕ್ಕೊರಲಿನಿಂದ, ಅದೊಂದು ಇರಲಿ ಎಂದು ಗೋಗರೆದೆವು. "ನೀನಾದ್ರೂ ಹೇಳೋ," ಎಂದು ಶ್ರೀಧರ ಮುನಿಸು ಮರೆತು ನನಗೇ ಹೇಳಿದ. ಪದ್ಮಾವತಮ್ಮ ಜಗ್ಗಲಿಲ್ಲ. ಉಳಿದದ್ದನ್ನು ಯಾವ ಹಸಿರಿನಲ್ಲಾದರೂ ಅಚ್ಚು ಹಾಕಿ ಎಂದು ಹೊರಟುಹೋದರು. ಮೂವರೂ ಒಪ್ಪಿದ್ದ ಪದ್ಯವೇ ಸುಳ್ಳೆಂದಾದ ಮೇಲೆ, ನಮ್ಮ ಸರ್ವಾನುಮತವೆಂಬುದು ಇಷ್ಟು ದಿನ ಸತ್ಯಕ್ಕಿಂತ ಸಲೀಸನ್ನೇ ಹುಡುಕುತ್ತಿತ್ತೇನೋ ಎಂಬ ಅನುಮಾನದಲ್ಲಿ ನಾವು ತಣ್ಣಗಾದ ಲೋಟಗಳನ್ನು ನೋಡುತ್ತ ಕೂತೆವು.

ಪುಸ್ತಕ ಬಂತು. ಮುಖಪುಟ ಮೂವರಿಗೂ ಹಿಡಿಸದ ಹಸಿರಿನದು. ಮರುದಿನ ಶ್ರೀಧರ ಫೋನ್ ಮಾಡಿ, "ಆ ಪದ್ಯ ಓದ್ದಾಗ ನಂಗೆ ಅಳುನೇ ಬಂದಿತ್ತು ಮಾರಾಯ," ಎಂದ.

ನನಗೆ ಬಂದಿರಲಿಲ್ಲ. ಹಾಗೆಂದೇ ಹೇಳಿದೆ. ಮುಕ್ಕಾಲು ಗಂಟೆ ಜಗಳವಾಡಿದೆವು, ನಡುವೆ ಯಾರೂ ಇಲ್ಲದೆ.